ಬಚ್ಚಲುಮನೆ ಗೋಡೆಗೆ ಯಾವ ಹಿಡಿಕೆ: ಅಂಟಿಸುವುದಾ, ಸ್ಕ್ರೂ ಹಾಕಿಸುವುದಾ?

ಒದ್ದೆ ನೆಲದಲ್ಲಿ ಕಾಲು ಜಾರಿದಾಗ ಕೈ ತಾನಾಗಿಯೇ ಗೋಡೆ ಹುಡುಕುತ್ತದೆ. ಅಲ್ಲೊಂದು ಗಟ್ಟಿ ಹಿಡಿಕೆ ಇರಬೇಕು, ಅಲ್ವಾ? ಸಿಗುವುದು ಮುಖ್ಯವಾಗಿ ಎರಡು ಬಗೆ.

ರಬ್ಬರ್ ಬಟ್ಟಲಿನಿಂದ ಗೋಡೆಗೆ ಕಚ್ಚಿಕೊಳ್ಳುವ ಹಿಡಿಕೆಗೆ ಡ್ರಿಲ್ಲಿಂಗ್ ಬೇಡ. ಬಾಡಿಗೆ ಮನೆಯವರಿಗೆ ಅದೇ ಆಸೆ. ಆದರೆ ನಯವಾದ ಟೈಲ್ಸ್ ಮೇಲೆ ಮಾತ್ರ ಅದು ನಿಲ್ಲುತ್ತದೆ. ಬಟ್ಟಲಿನ ಅಂಚು ಎರಡು ಟೈಲ್ಸ್ ನಡುವಿನ ಗೆರೆ ಮೇಲೆ ಕೂತರೆ, ಅಲ್ಲಿಂದ ಸದ್ದಿಲ್ಲದೆ ಗಾಳಿ ಒಳಗೆ ಹೋಗುತ್ತದೆ. ನೋಡೋಕೆ ಗಟ್ಟಿಯಾಗಿಯೇ ಇರುತ್ತದೆ. ಮೈಭಾರ ಬಿದ್ದ ಕ್ಷಣ ಕಳಚಿ ಕೈಗೆ ಬರಬಹುದು. ನಿಂತವರು ಆಯ ತಪ್ಪದಂತೆ ಸುಮ್ನೆ ಕೈಯಿಡಲು ಸಾಕು, ಬೀಳುವವರನ್ನು ತಡೆಯಲು ಸಾಲದು. ಪ್ರತಿ ಸಲವೂ ಎಳೆದು ನೋಡಿಯೇ ಬಳಸಬೇಕು.

ಸ್ಕ್ರೂ ಹಾಕಿಸುವ ಸ್ಟೀಲ್ ಹಿಡಿಕೆಗೆ ಖರ್ಚು ಜಾಸ್ತಿ, ಗೋಡೆಗೆ ತೂತೂ ಬೀಳುತ್ತದೆ. ಆದರೆ ಗಟ್ಟಿ ಗೋಡೆಗೆ ಸರಿಯಾಗಿ ಕೂರಿಸಿದರೆ ಮೈಭಾರ ತಡೆಯುತ್ತದೆ. 32ರಿಂದ 38 ಮಿಲಿಮೀಟರ್ ದಪ್ಪದ್ದು ಮುಷ್ಟಿಗೆ ಚೆನ್ನಾಗಿ ಸಿಗುತ್ತದೆ. ಟವೆಲ್ ಹಾಕುವ ಕಂಬಿಯನ್ನಂತೂ ಇದರ ಬದಲು ನಂಬಲೇಬೇಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಸ್ಕ್ರೂ ಹಿಡಿಕೆಯನ್ನೇ ಹಾಕಿಸಿ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು.