ಲಾಲಿಯ ಎದೆಬಡಿತ ಕೇಳಲು ಕೊಂಡ 850 ರೂಪಾಯಿಯ ಸ್ಟೆತೊಸ್ಕೋಪ್

ಹತ್ತು ತಿಂಗಳಿಂದ ದಿನಾ ಬಳಸುತ್ತಿದ್ದೇನೆ. ಇನ್ನು ಧೈರ್ಯವಾಗಿ ಬರೆಯಬಹುದು ಅನಿಸಿತು.

ನಮ್ಮೂರು ವಿಜಯಪುರ. ಅಪ್ಪ ಗೋಲಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಾರೆ. ಲಾಲಿ ನಮ್ಮ ಕುದುರೆ. ಒಂಬತ್ತು ವರ್ಷದವಳು, ಸೊಲ್ಲಾಪುರ ಕಡೆಯಿಂದ ತಂದದ್ದು. ಅವಳಿಗಿಂತ ಮುಂಚೆ ಇದ್ದ ಕುದುರೆ ಹೊಟ್ಟೆ ಶೂಲೆ ಬಂದು ಒಂದೇ ರಾತ್ರಿಯಲ್ಲಿ ತೀರಿಕೊಂಡಿತು. ಆವತ್ತು ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದೇ "ಎದೆಬಡಿತ ಎಷ್ಟಿದೆ?" ಅಂತ. ನಾನು, ಅಪ್ಪ ಮುಖ ಮುಖ ನೋಡಿಕೊಂಡೆವು. ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಲಾಲಿ ಬಂದ ಮೇಲೆ ಮೊದಲು ಆನ್‌ಲೈನ್‌ನಲ್ಲಿ 300 ರೂಪಾಯಿಯ ಸ್ಟೆತೊಸ್ಕೋಪ್ ತರಿಸಿದೆ. ಕಿವಿಗೆ ಹಾಕುವ ತುದಿ ಗಟ್ಟಿ ಪ್ಲಾಸ್ಟಿಕ್ಕು, ಎರಡು ನಿಮಿಷಕ್ಕೆ ಕಿವಿ ನೋವು. ಕೊಳವೆ ಗಿಡ್ಡ. ಕುದುರೆಯ ಮುಂಗಾಲಿಗೆ ತಲೆ ತಾಗಿಸಿ ಬಗ್ಗಬೇಕು. ನೊಣ ಕೂತಿತು ಅಂತ ಅವಳು ಕಾಲು ಝಾಡಿಸಿದರೆ ಪೆಟ್ಟು ನೇರ ನಮ್ಮ ಮುಖಕ್ಕೆ. ವಾಪಸ್ ಕಳಿಸಿದೆ. ಆಮೇಲೆ ಊರಲ್ಲೇ ಮೆಡಿಕಲ್ ಸಾಮಾನಿನ ಅಂಗಡಿಗೆ ಹೋಗಿ 850 ಕೊಟ್ಟು ಈಗಿನದನ್ನು ತಂದೆ. ಮನುಷ್ಯರಿಗೆ ಬಳಸುವ ಮಾಮೂಲಿ ಸ್ಟೆತೊಸ್ಕೋಪೇ. ಒಂದು ಕಡೆ ಅಗಲವಾದ ಬಿಲ್ಲೆ, ಇನ್ನೊಂದು ಕಡೆ ಚಿಕ್ಕ ಬಟ್ಟಲಿನಂಥದ್ದು. ಕಿವಿಯ ತುದಿ ಮೆತ್ತಗಿದೆ, ಕೊಳವೆ ಉದ್ದ ಇದೆ. ಕುದುರೆಗೆ ಇಷ್ಟು ಸಾಕು.

ಮೊದಲ ದಿನ ಏನೂ ಕೇಳಿಸಲಿಲ್ಲ. ಮೋಸ ಹೋದೆ ಅಂದುಕೊಂಡೆ. ತಪ್ಪು ನನ್ನದಿತ್ತು. ಬಿಲ್ಲೆ ತಿರುಗುತ್ತದೆ, ಒಂದು ಸಲಕ್ಕೆ ಒಂದೇ ಕಡೆ ಕೆಲಸ ಮಾಡುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ, ಯಾವ ಕಡೆ ಸದ್ದು ಬರುತ್ತದೋ ಆ ಕಡೆ ಹಚ್ಚಬೇಕು. ಕಿವಿಯ ತುದಿಗಳು ಮುಂದಕ್ಕೆ, ಮೂಗಿನ ದಿಕ್ಕಿಗೆ ಬಾಗಿರಬೇಕು. ನಾನು ಉಲ್ಟಾ ಹಾಕಿಕೊಂಡಿದ್ದೆ.

ಜಾಗ ತೋರಿಸಿದ್ದು ಅಪ್ಪ. ಅವರು ಸ್ಟೆತೊಸ್ಕೋಪ್ ಮುಟ್ಟಲಿಲ್ಲ. ಲಾಲಿಯ ಎಡಗಡೆ ಕುಕ್ಕರುಗಾಲಲ್ಲಿ ಕೂತು, ಕಿವಿಯನ್ನೇ ಎದೆಗೆ ಹಚ್ಚಿದರು. "ಇಲ್ಲಿ ನೋಡು ಯವ್ವಾ, ಇಲ್ಲಿ ಬಡೀತೈತಿ." ಎಡ ಮುಂಗಾಲು ಮೈಗೆ ಸೇರುವಲ್ಲಿ ಮೊಣಕೈಯಂಥ ಎಲುಬು ಇರುತ್ತದಲ್ಲ, ಅದರ ಹಿಂದೆಯೇ. ಮೇಲೆ ಮೇಲೆ ಇಟ್ಟರೆ ಆಗದು. ಎಡಗಾಲನ್ನು ಅರ್ಧ ಹೆಜ್ಜೆ ಮುಂದಿಡಿಸಿ, ಬಿಲ್ಲೆಯನ್ನು ಆ ಎಲುಬಿನ ಒಳಗೆ, ಮುಂದಕ್ಕೆ ತೂರಿಸಬೇಕು. ಕೂದಲು ಒಣಗಿದ್ದರೆ ಬರೀ ಚರಚರ ಸದ್ದು. ಅಂಗೈಯಲ್ಲಿ ನೀರು ತಗೊಂಡು ಅಲ್ಲಿ ಸವರಿದರೆ ಸರಿಹೋಗುತ್ತದೆ.

ಆಗ ಕೇಳಿಸಿತು. ದೂರದ ಮನೆಯಲ್ಲಿ ಯಾರೋ ಒನಕೆಯಿಂದ ಕುಟ್ಟಿದ ಹಾಗೆ. ಲಬ್, ಡಬ್. ಆಮೇಲೆ ಉದ್ದನೆಯ ಮೌನ. ಮತ್ತೆ ಲಬ್, ಡಬ್. ಅಷ್ಟು ದೊಡ್ಡ ಪ್ರಾಣಿಯ ಎದೆ ಅಷ್ಟು ನಿಧಾನವಾಗಿ ಬಡಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ.

ಎಣಿಸುವುದರಲ್ಲೂ ಎಡವಿದೆ. ಎರಡೂ ಸದ್ದನ್ನು ಬೇರೆ ಬೇರೆ ಎಣಿಸಿ 72 ಅಂತ ಬರೆದು ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿದೆ. ಲಬ್, ಡಬ್ ಸೇರಿ ಒಂದು ಬಡಿತ. ಅಂದರೆ 36. ದೊಡ್ಡ ಕುದುರೆಗೆ ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಸರಿ. ಮರಿಗಳದ್ದು ಜಾಸ್ತಿ ಇರುತ್ತದೆ. ಬಡಿತ ನಿಧಾನ ಇರುವುದರಿಂದ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ನಾಲ್ಕು ವ್ಯತ್ಯಾಸ ಬರುತ್ತದೆ. ನಾನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತೇನೆ.

ಒಂದು ತಿಂಗಳಾದ ಮೇಲೆ ಇನ್ನೊಂದು ಹೆದರಿಕೆ. ನಾಲ್ಕು ಬಡಿತ ಆದ ಮೇಲೆ ಒಂದು ಬಡಿತ ಇಲ್ಲವೇ ಇಲ್ಲ! ಮತ್ತೆ ನಾಲ್ಕು, ಮತ್ತೆ ಖಾಲಿ. ಡಾಕ್ಟರು ಬಂದು ಕೇಳಿದರು. ಲಾಲಿಯನ್ನು ಸ್ವಲ್ಪ ಓಡಿಸಿ ಮತ್ತೆ ಕೇಳಿದರು. ಖಾಲಿ ಜಾಗ ಮಾಯವಾಗಿತ್ತು. ಗಟ್ಟಿಮುಟ್ಟಾದ ಕುದುರೆ ಆರಾಮಾಗಿ ನಿಂತಾಗ ಹೀಗೆ ಬಡಿತ ಬಿಡುವುದು ಮಾಮೂಲಿಯಂತೆ. ಓಡಿಸಿದ ಮೇಲೂ ತಾಳ ತಪ್ಪುತ್ತಿದ್ದರೆ, ಇಲ್ಲವೇ ಯಾವ ಲೆಕ್ಕಕ್ಕೂ ಸಿಗದ ಹಾಗೆ ಬಡಿಯುತ್ತಿದ್ದರೆ ಇಸಿಜಿ ಮಾಡಿಸಬೇಕು ಅಂದರು.

ಈಗ ದಿನಾ ಬೆಳಿಗ್ಗೆ ಹುರಳಿ ಹಾಕುವ ಮೊದಲು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. 34, 36, 34, 38. ಈ ಸಾಲು ಗೊತ್ತಿದ್ದರೆ ತಾನೇ ಕೆಟ್ಟ ದಿನ ಗುರುತು ಸಿಗುವುದು? ಸಂಜೆ ಇಬ್ರಾಹಿಂ ರೋಜಾಕ್ಕೆ ಹೋಗಿ ಬಂದ ಮೇಲೂ ನೋಡುತ್ತೇನೆ. ನೆರಳಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ 60ರ ಒಳಗೆ ಬರುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಹದಿನೈದು ನಿಮಿಷ ಆದರೂ 72 ಇತ್ತು. ಅಪ್ಪ ಆವತ್ತು ಗಾಡಿ ಬಿಚ್ಚಿಬಿಟ್ಟರು. ಮೈಮೇಲೆ ತಣ್ಣೀರು ಸುರಿದೆವು, ಕುಡಿಯಲೂ ಇಟ್ಟೆವು. ಮುಂದಿನ ಬಾಡಿಗೆ ಬಿಟ್ಟದ್ದಕ್ಕೆ ಬೇಜಾರಿಲ್ಲ.

ದುಡ್ಡು ಪೂರ್ತಿ ವಸೂಲಾದದ್ದು ಜನವರಿಯ ಒಂದು ರಾತ್ರಿ. ಚಳಿಗೆ ಲಾಲಿ ನೀರು ಕಡಿಮೆ ಕುಡಿದಿದ್ದಳು, ಒಣ ಮೇವು ಜಾಸ್ತಿ ತಿಂದಿದ್ದಳು. ಹನ್ನೊಂದು ಗಂಟೆಗೆ ಮುಂಗಾಲಿನಿಂದ ನೆಲ ಕೆರೆಯತೊಡಗಿದಳು. ತಿರುತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದ್ದಳು. ಲದ್ದಿ ಹಾಕಿರಲಿಲ್ಲ. ಎಣಿಸಿದೆ, 56. ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿದೆ, 64. ಫೋನ್ ಮಾಡಿದಾಗ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಇತ್ತು. "ಸುಮ್ಮನೆ ನಿಂತು 60 ದಾಟಿದೆ ಅಂದರೆ ಕಾಯೋದು ಬೇಡ, ಬರ್ತೀನಿ, ತಿನ್ನೋಕೆ ಏನೂ ಕೊಡಬೇಡಿ" ಅಂದರು. ಬಂದು ನೋವಿಗೆ ಸೂಜಿ ಮಾಡಿ, ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಯಲ್ಲಿ ಒತ್ತಡ ತುಂಬಿದ್ದರೆ ಹೀಗೇ ಇಳಿಸಬೇಕಂತೆ. ರಾತ್ರಿಯೆಲ್ಲ ಎಣಿಸುತ್ತಲೇ ಕೂತೆ. 60, 52, 48. ಬೆಳಗಿನ ಜಾವ 40. ಆರೂವರೆಗೆ ಲದ್ದಿ ಹಾಕಿದಳು. ಅಪ್ಪ ಅವಳ ಕುತ್ತಿಗೆಗೆ ಹಣೆ ಹಚ್ಚಿ ಎಷ್ಟೋ ಹೊತ್ತು ನಿಂತಿದ್ದರು.

ಕುಂದುಗಳೂ ಇವೆ. ಬಿಲ್ಲೆಯ ಅಂಚಿನ ಪ್ಲಾಸ್ಟಿಕ್ ಬಳೆ ನಾಲ್ಕು ತಿಂಗಳಿಗೆ ಸಡಿಲವಾಯಿತು. ಅಂಗಡಿಯವರು ದುಡ್ಡು ಕೇಳದೆ ಬೇರೆ ಹಾಕಿಕೊಟ್ಟರು. ಟಾಂಗಾದ ಪೆಟ್ಟಿಗೆಯಲ್ಲಿ ಬಿಸಿಲಿಗೆ ಬಿಟ್ಟಿದ್ದಕ್ಕೆ ಕೊಳವೆ ಸ್ವಲ್ಪ ಗಡುಸಾಗಿದೆ. ಈಗ ಮನೆಯೊಳಗೆ ಮೊಳೆಗೆ ನೇತುಹಾಕುತ್ತೇನೆ. ಗೋಲಗುಮ್ಮಟದ ಮುಂದಿನ ಆಟೋ ಹಾರ್ನ್ ನಡುವೆ ಎಣಿಸುವುದು ಕಷ್ಟ. ಅಲ್ಲಿ ಅಪ್ಪನ ಬೆರಳೇ ಮೇಲು. ದವಡೆ ಎಲುಬಿನ ಕೆಳ ಅಂಚಿನ ಒಳಗಡೆ ಪೆನ್ಸಿಲ್ ದಪ್ಪದ ರಕ್ತನಾಳ ಸಿಗುತ್ತದೆ. ಎರಡು ಬೆರಳು ಮೆಲ್ಲಗೆ ಒತ್ತಿದರೆ ನಾಡಿ ತಿಳಿಯುತ್ತದೆ. ಹೆಬ್ಬೆರಳು ಬೇಡ, ಅದರಲ್ಲಿ ನಮ್ಮದೇ ನಾಡಿ ಬಡಿಯುತ್ತದೆ.

ಕೊಳ್ಳುವವರು ಅಂಗಡಿಯಲ್ಲೇ ಕಿವಿಗೆ ಹಾಕಿ ನೋಡಿ, ಉದ್ದ ಕೊಳವೆಯದ್ದೇ ಕೇಳಿ. ನಮ್ಮ ಸ್ಟ್ಯಾಂಡಿನಲ್ಲಿ ಯಾರಿಗಾದರೂ ಕಲಿಯಬೇಕಿದ್ದರೆ ಬೆಳಿಗ್ಗೆ ಏಳರೊಳಗೆ ನಮ್ಮ ಲಾಯದ ಹತ್ತಿರ ಬನ್ನಿ. ಲಾಲಿ ಆ ಹೊತ್ತಿಗೆ ತುಂಬಾ ಶಾಂತವಾಗಿ ನಿಲ್ಲುತ್ತಾಳೆ.