ಡೆಬಿಯನ್ ಪ್ಯಾಕೇಜಿನ ಜಾವಾ ಮತ್ತು ಟಾಮ್‌ಕ್ಯಾಟ್: ಹಲವು ಮಳೆಗಾಲ ಕಂಡ ಬಳಕೆದಾರನ ವಿಮರ್ಶೆ

ಕುಶಾಲನಗರದ ಕಡೆಯ ಒಂದು ಕಾಫಿ ಸಂಸ್ಕರಣಾ ಘಟಕದ ಲೆಕ್ಕಪತ್ರ ತಂತ್ರಾಂಶ ಜಾವಾದಲ್ಲಿದೆ. ಬೆಳೆಗಾರರು ತಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ), ಚೆರಿ (ಹಣ್ಣಿನ ಸಮೇತ ಒಣಗಿಸಿದ್ದು), ಕರಿಮೆಣಸಿನ ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ), ಕೊಟ್ಟ ಮುಂಗಡ, ಉಳಿದ ಬಾಕಿ ಎಲ್ಲವೂ ಅದರಲ್ಲಿಯೇ. ಬರೆದವರು ಬೇರೆ, ಮಾರಿದವರು ಬೇರೆ, ಓಡಿಸುವ ಹೊಣೆ ಮಾತ್ರ ನನ್ನದು. ಆ ತಂತ್ರಾಂಶದ ಗುಣದೋಷ ಇಲ್ಲಿ ಬೇಡ. ಅದರ ಅಡಿಗಿರುವ ಓಪನ್‌ಜೆಡಿಕೆ (ಮುಕ್ತ ಜಾವಾ) ಮತ್ತು ಟಾಮ್‌ಕ್ಯಾಟ್ (ಜಾವಾ ವೆಬ್ ತಂತ್ರಾಂಶಗಳನ್ನು ಓಡಿಸುವ ಸರ್ವರ್) ಬಗ್ಗೆ, ಅದರಲ್ಲೂ ಡೆಬಿಯನ್ ಲಿನಕ್ಸ್ ತನ್ನ ಭಂಡಾರದಿಂದ ಕೊಡುವ ಪ್ಯಾಕೇಜುಗಳ, ಅಂದರೆ ಹಾಕಲು ಸಿದ್ಧವಾದ ಕಟ್ಟುಗಳ ಬಗ್ಗೆ ಬರೆಯುತ್ತೇನೆ. ಡೆಬಿಯನ್ 11ರ ಟಾಮ್‌ಕ್ಯಾಟ್ 9ರಿಂದ ಆರಂಭಿಸಿ, ಈಗ ಡೆಬಿಯನ್ 12ರಲ್ಲಿ ಜಾವಾ 17, ಟಾಮ್‌ಕ್ಯಾಟ್ 10 ಬಳಸುತ್ತಿದ್ದೇನೆ.

ಅಂಕ ಕೇಳಿದರೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕದಲ್ಲಿ ಡೆಬಿಯನ್ನಿನ ಪಾಲು ಕಡಿಮೆ, ಅದನ್ನು ಮುಂದೆ ಹೇಳುತ್ತೇನೆ.

ಲಿನಕ್ಸ್ ಯಂತ್ರದೊಳಗೆ ಜಾವಾ ಬಹಳ ಕಾಲ ಹೊರಗಿನವರಂತೆಯೇ ಬಾಳಿತು. ಸನ್ ಮೈಕ್ರೋಸಿಸ್ಟಮ್ಸ್ 2006ರ ನವೆಂಬರಿನಲ್ಲಿ ಅದನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡಲು ಆರಂಭಿಸುವವರೆಗೆ ಡೆಬಿಯನ್ನಿನಂಥ ಯೋಜನೆಗಳು ಸನ್‌ನ ಜಾವಾವನ್ನು ಮುಖ್ಯ ಭಂಡಾರಕ್ಕೆ ಸೇರಿಸಿಕೊಳ್ಳುವಂತಿರಲಿಲ್ಲ. ಆ ಕಾಲದ ಅಭ್ಯಾಸ ಇನ್ನೂ ಹೋಗಿಲ್ಲ. ನಮಗೆ ತಂತ್ರಾಂಶ ಮಾರಿದವರ ಕೈಪಿಡಿಯೂ ಅದನ್ನೇ ಬೋಧಿಸುತ್ತಿತ್ತು: ಟಾರ್ ಕಡತ ಇಳಿಸಿಕೊಳ್ಳಿ, ಒಪಿಟಿ ಫೋಲ್ಡರಿನಲ್ಲಿ ಬಿಚ್ಚಿ, ಎಲ್ಲ ಅಧಿಕಾರವೂ ಇರುವ ರೂಟ್ ಬಳಕೆದಾರರಾಗಿ ಓಡಿಸಿ, ಸಿಕ್ಕಿಹಾಕಿಕೊಂಡರೆ ಕಿಲ್ ಮಾಡಿ ಮತ್ತೆ ಓಡಿಸಿ. ಹೀಗೆ ನಿಲ್ಲಿಸಿದ ಜಾವಾವನ್ನು ಮುಂದೆ ಯಾರೂ ಪರಿಷ್ಕರಿಸುವುದಿಲ್ಲ. ಅದು ಎಲ್ಲಿದೆ ಎಂಬುದೇ ಡೆಬಿಯನ್ ಪ್ಯಾಕೇಜುಗಳನ್ನು ಹಾಕಿ ಪರಿಷ್ಕರಿಸುವ ಆ್ಯಪ್ಟ್‌ಗೆ ತಿಳಿದಿರುವುದಿಲ್ಲ.

ಪ್ಯಾಕೇಜಿನಿಂದ ಹಾಕಿದರೆ ಟಾಮ್‌ಕ್ಯಾಟ್ ಉಳಿದ ಸೇವೆಗಳ ಹಾಗೆಯೇ ನಡೆದುಕೊಳ್ಳುತ್ತದೆ. ಸೆಟ್ಟಿಂಗ್‌ಗಳು ಇಟಿಸಿ ಅಡಿಯಲ್ಲಿ, ಲಾಗ್‌ಗಳು ವಾರ್ ಲಾಗ್ ಅಡಿಯಲ್ಲಿ, ಓಡಿಸಲು ಟಾಮ್‌ಕ್ಯಾಟ್ ಹೆಸರಿನದೇ ಅಧಿಕಾರ ಕಡಿಮೆಯಿರುವ ಬಡ ಬಳಕೆದಾರ, ಮೇಲ್ವಿಚಾರಣೆಗೆ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ. ಜಾವಾ ಗೊತ್ತಿಲ್ಲದ ನಿರ್ವಾಹಕನೂ ಎಲ್ಲಿ ಏನು ಹುಡುಕಬೇಕೆಂದು ಊಹಿಸಬಲ್ಲ.

ಇದರ ಬೆಲೆ ಕೊಡಗಿನ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ತುಂಡಾಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಯುಪಿಎಸ್ ಕೈಕೊಟ್ಟು, ಜನರೇಟರಿಗೆ ಡೀಸೆಲ್ ಹಾಕುವವರು ಬರುವಷ್ಟರಲ್ಲಿ ಸರ್ವರ್ ಮಲಗಿರುತ್ತದೆ. ನಾನಿರುವುದು ಮಡಿಕೇರಿಯಲ್ಲಿ. ಮಳೆ ಹಿಡಿದ ರಾತ್ರಿ ಸುಂಟಿಕೊಪ್ಪ ದಾಟಿ ಅಲ್ಲಿಗೆ ಹೋಗುವುದು ಆಗದ ಮಾತು. ವಿದ್ಯುತ್ ಬಂದಾಗ ಯಂತ್ರ ತಾನೇ ಏಳಬೇಕು, ಮೊದಲು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರ ಹಿಂದೆ ಟಾಮ್‌ಕ್ಯಾಟ್ ಆರಂಭವಾಗಬೇಕು. ಈ ಕ್ರಮ ಪ್ಯಾಕೇಜಿನಲ್ಲಿ ಇರುವುದಿಲ್ಲ, ನಾವೇ ಹೇಳಬೇಕು. ಸಿಸ್ಟಮ್‌ಸಿಟಿಎಲ್ ಎಡಿಟ್ ಆದೇಶ ಕೊಟ್ಟು ‘ಆಫ್ಟರ್’ ಎಂಬ ಒಂದು ಸಾಲು ಸೇರಿಸಿದರೆ ಸಾಕು. ಈ ತಿದ್ದುಪಡಿ ಪ್ರತ್ಯೇಕ ಕಡತದಲ್ಲಿ ಉಳಿಯುವುದರಿಂದ ಪ್ಯಾಕೇಜ್ ಪರಿಷ್ಕರಣೆಯಾದಾಗ ಅಳಿಸಿಹೋಗುವುದಿಲ್ಲ.

ಅದೇ ಕಡತದಲ್ಲಿ ಇನ್ನೊಂದು ಸಾಲನ್ನೂ ಬದಲಿಸಿಕೊಳ್ಳುವುದು ಒಳ್ಳೆಯದು. ಪ್ಯಾಕೇಜಿನ ಜೊತೆ ಬರುವ ಸೇವಾ ಕಡತದಲ್ಲಿ ‘ರೀಸ್ಟಾರ್ಟ್’ ಎಂಬುದರ ಮುಂದೆ ‘ಆನ್-ಅಬಾರ್ಟ್’ ಎಂದಿದೆ. ಅಂದರೆ ಕಾರ್ಯವ್ಯವಸ್ಥೆ ಕಳಿಸುವ ಸಿಗ್ನಲ್ ಎಂಬ ಸೂಚನೆಯಿಂದ ಜಾವಾ ಹಠಾತ್ತನೆ ಸತ್ತರೆ ಮಾತ್ರ ಸಿಸ್ಟಮ್‌ಡಿ ಅದನ್ನು ಎಬ್ಬಿಸುತ್ತದೆ. ಮೆಮೊರಿ ಮುಗಿದಾಗ ತಾನಾಗಿ ಹೊರಬೀಳುವ ಆಯ್ಕೆಯನ್ನು ನೀವು ಜೆವಿಎಮ್‌ಗೆ, ಅಂದರೆ ಜಾವಾ ತಂತ್ರಾಂಶವನ್ನು ಓಡಿಸುವ ಎಂಜಿನ್‌ಗೆ, ಕೊಟ್ಟಿದ್ದರೆ ಅದು 3 ಎಂಬ ಸಂಕೇತದೊಂದಿಗೆ ನಿರ್ಗಮಿಸುತ್ತದೆ. ಅದು ಸಿಗ್ನಲ್ ಅಲ್ಲ, ಹಾಗಾಗಿ ಸೇವೆ ಬಿದ್ದಲ್ಲೇ ಬಿದ್ದಿರುತ್ತದೆ. ‘ಆನ್-ಫೇಲ್ಯೂರ್’ ಎಂದು ಮಾಡಿದರೆ ಈ ತೊಂದರೆ ಇಲ್ಲ. ಮೆಮೊರಿಯ ಮಿತಿಯನ್ನೂ ಕೈಯಾರೆ ನಿಗದಿಪಡಿಸಿ. ಏನೂ ಹೇಳದಿದ್ದರೆ ಜೆವಿಎಮ್ ಯಂತ್ರದ ಮೆಮೊರಿಯ ಕಾಲು ಭಾಗವನ್ನು ಗರಿಷ್ಠ ಹೀಪ್ (ತಂತ್ರಾಂಶದ ಮಾಹಿತಿಗೆ ಬಳಸುವ ಮೆಮೊರಿ) ಎಂದು ಇಟ್ಟುಕೊಳ್ಳುತ್ತದೆ. 8 ಜಿಬಿ ಯಂತ್ರದಲ್ಲಿ ಅದು 2 ಜಿಬಿ, ಹಂಗಾಮಿನ ವರದಿಗಳಿಗೆ ನಮಗೆ ಸಾಲಲಿಲ್ಲ.

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಡೆಬಿಯನ್ ಹಾಕಿರುವ ಬೇಲಿ. ಸೇವಾ ಕಡತದಲ್ಲಿ ‘ಪ್ರೊಟೆಕ್ಟ್ ಸಿಸ್ಟಮ್ ಸ್ಟ್ರಿಕ್ಟ್’ ಎಂದಿರುವುದರಿಂದ ಟಾಮ್‌ಕ್ಯಾಟ್ ತನ್ನ ವೆಬ್‌ಆ್ಯಪ್ಸ್ ಫೋಲ್ಡರ್, ಲಾಗ್, ಕ್ಯಾಶ್ ಮುಂತಾದ ಕೆಲವೇ ಜಾಗಗಳಲ್ಲಿ ಬರೆಯಬಲ್ಲದು. ಬಿಲ್ಲುಗಳ ಪಿಡಿಎಫ್ ಬೇರೆಲ್ಲೋ ಉಳಿಸಲು ಹೋದರೆ ಫೋಲ್ಡರಿನ ಒಡೆತನ, ಅನುಮತಿ ಎಲ್ಲವೂ ಸರಿಯಿದ್ದರೂ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ದೋಷ ಬರುತ್ತದೆ. ಡಿಸ್ಕ್ ಕೆಟ್ಟಿತೆಂದು ಹೆದರಬೇಡಿ, ಎಲ್ಲ ಅನುಮತಿ ತೆರೆದಿಟ್ಟರೂ ಪ್ರಯೋಜನವಿಲ್ಲ. ‘ರೀಡ್ ರೈಟ್ ಪಾತ್ಸ್’ ಸಾಲಿನಲ್ಲಿ ಆ ಫೋಲ್ಡರನ್ನು ಹೆಸರಿಸಿದರೆ ಬೇಲಿಯಲ್ಲಿ ಬೇಕಾದಷ್ಟೇ ಗೇಟು ತೆರೆಯುತ್ತದೆ. ನನಗೆ ಈ ಕಟ್ಟುನಿಟ್ಟು ಇಷ್ಟ. ಮಾರಾಟಗಾರರಿಗೆ ಇಷ್ಟವಾಗಲಿಲ್ಲ.

ಕನ್ನಡಿಗರಿಗೆ ಮುಖ್ಯವಾದದ್ದು ಅಕ್ಷರಗಳ ಸಂಗತಿ. ಬಿಲ್ಲಿನ ಪಟ್ಟಿಯಲ್ಲಿ ಬೆಳೆಗಾರರ ಮನೆತನ, ಗ್ರಾಮ ಇರಬೇಕಾದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿತ್ತು. “ಸರ್, ಇದರಲ್ಲಿ ಯಾರಿಗೆ ಹಣ ಕೊಡಲಿ?” ಎಂದು ಗುಮಾಸ್ತರು ಕೇಳಿದ್ದು ನ್ಯಾಯವೇ. ಡೇಟಾಬೇಸಿನಲ್ಲಿ ಹೆಸರುಗಳು ಸರಿಯಾಗಿಯೇ ಇದ್ದವು. ಜಾವಾ 17ರವರೆಗೆ ಜೆವಿಎಮ್ ತನ್ನ ಪೂರ್ವನಿಯೋಜಿತ ಅಕ್ಷರ ಸಂಕೇತವನ್ನು ಯಂತ್ರದ ಲೊಕೇಲ್‌ನಿಂದ, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್‌ನಿಂದ ಪಡೆಯುತ್ತದೆ. ಲೊಕೇಲ್ ಬರಿಯ ‘ಸಿ’ ಎಂದಿದ್ದರೆ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿಯೇ ಗತಿ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಹಲವರು ಜಾವಾದ ‘ಫೈಲ್ ಎನ್‌ಕೋಡಿಂಗ್’ ಆಯ್ಕೆಯನ್ನು ಎಲ್ಲ ಭಾಷೆಗಳಿಗೂ ಒಗ್ಗುವ ಯುಟಿಎಫ್-8 ಮಾಡಿ ಕೈತೊಳೆದುಕೊಳ್ಳುತ್ತಾರೆ. ಕಡತದೊಳಗಿನ ಅಕ್ಷರಗಳು ಅದರಿಂದ ಸರಿಹೋಗುತ್ತವೆ, ಆದರೆ ಕಡತದ ಹೆಸರೇ ಕನ್ನಡದಲ್ಲಿದ್ದರೆ ಉಳಿಸುವಾಗ ಮತ್ತೆ ದೋಷ ಬರುತ್ತದೆ, ಏಕೆಂದರೆ ಹೆಸರುಗಳಿಗೆ ಜಾವಾ ಲೊಕೇಲನ್ನೇ ನೆಚ್ಚಿಕೊಂಡಿದೆ. ಸೇವೆಯ ಪರಿಸರದಲ್ಲಿ ‘ಲ್ಯಾಂಗ್’ ಬೆಲೆಯನ್ನು ‘ಸಿ ಡಾಟ್ ಯುಟಿಎಫ್-8’ ಎಂದು ಕೊಟ್ಟರೆ ಎರಡೂ ಒಟ್ಟಿಗೆ ಬಗೆಹರಿಯುತ್ತವೆ. ಜಾವಾ 18ರಿಂದ ಯುಟಿಎಫ್-8 ಪೂರ್ವನಿಯೋಜಿತವಾಗಿದ್ದರೂ ಕಡತಗಳ ಹೆಸರು ಮತ್ತು ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ಗೆ ಹೋಗುವ ಮುದ್ರಣ ಲೊಕೇಲನ್ನೇ ಅನುಸರಿಸುತ್ತವೆ, ಆದ್ದರಿಂದ ಆ ಸಾಲನ್ನು ತೆಗೆಯಬೇಡಿ.

ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳ ವಿಷಯದಲ್ಲಿ ದೂರಿಲ್ಲ. ಯಂತ್ರದ ಪಟ್ಟಿಗೆ ಸೇರಿಸಿದ್ದು ಜಾವಾಕ್ಕೂ ತಲುಪುತ್ತದೆ, ಜಾವಾದ ಪ್ರಮಾಣಪತ್ರ ಸಾಧನ ಕೀಟೂಲ್ ಜೊತೆ ಗುದ್ದಾಡಬೇಕಿಲ್ಲ. ಓಪನ್‌ಜೆಡಿಕೆಯ ಭದ್ರತಾ ಪರಿಷ್ಕರಣೆಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬರುತ್ತವೆ. ಡೆಬಿಯನ್ ಅವುಗಳನ್ನು ತನ್ನ ಭದ್ರತಾ ಭಂಡಾರದ ಮೂಲಕ ಹಂಚುತ್ತದೆ. ಹೊಸ ಪ್ಯಾಕೇಜ್ ಬಂದರೂ ಓಡುತ್ತಿರುವ ಜೆವಿಎಮ್ ಹಳೆಯದೇ ಎಂಬುದು ನೆನಪಿರಲಿ. ಮರುಪ್ರಾರಂಭಿಸುವವರೆಗೆ ರಕ್ಷಣೆ ಇಲ್ಲ.

ಡೆಬಿಯನ್ 11ರಿಂದ 12ಕ್ಕೆ ಏರುವುದು ಮಾತ್ರ ಸಲೀಸಾಗಿರಲಿಲ್ಲ. ಒರಾಕಲ್ ಸಂಸ್ಥೆ ದೊಡ್ಡ ವ್ಯವಹಾರ ತಂತ್ರಾಂಶಗಳಿಗೆಂದು ಇರುವ ಜಾವಾ ಇಇಯನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಿದ ಮೇಲೆ ಅದರ ಹೆಸರು ಜಕಾರ್ತಾ ಆಯಿತು, ‘ಜಾವಾಎಕ್ಸ್’ ಎಂದು ಆರಂಭವಾಗುತ್ತಿದ್ದ ಅದರ ಕೋಡ್‌ನೊಳಗಿನ ಪ್ಯಾಕೇಜ್ (ಇದು ಡೆಬಿಯನ್ ಪ್ಯಾಕೇಜ್ ಅಲ್ಲ) ಹೆಸರುಗಳೂ ಬದಲಾದವು. ಟಾಮ್‌ಕ್ಯಾಟ್ 10 ಹೊಸ ಹೆಸರುಗಳನ್ನು ಮಾತ್ರ ಬಲ್ಲದು. ಡೆಬಿಯನ್ 12ರಲ್ಲಿ ಟಾಮ್‌ಕ್ಯಾಟ್ 9ರ ಸರ್ವರ್ ಪ್ಯಾಕೇಜೇ ಇಲ್ಲ. ಹಳೆಯ ತಂತ್ರಾಂಶವನ್ನು ಅಪಾಚೆಯ ಪರಿವರ್ತನಾ ಸಾಧನದ ಮೂಲಕ ಹಾಯಿಸಿದಾಗ ನಮ್ಮದು ಓಡಿತು. ಮೂಲ ಕೋಡ್ ಕೈಯಲ್ಲಿಲ್ಲದವರಿಗೆ ಅದು ದೊಡ್ಡ ಉಪಕಾರ. ಆದರೂ ಹುತ್ತರಿ ಮುಗಿದು ಕೊಯ್ಲು ಬಿರುಸಾಗಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಆ ಒಂದು ಅಂಕ. 2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ಲಾಗ್4ಜೆ ಎಂಬ ಗ್ರಂಥಾಲಯದ (ಬೇರೆ ತಂತ್ರಾಂಶಗಳು ಬಳಸುವ ಸಿದ್ಧ ಕೋಡ್‌ನ) ಭದ್ರತಾ ದೋಷ ಬಯಲಾದಾಗ ಡೆಬಿಯನ್ ತನ್ನ ಪ್ಯಾಕೇಜನ್ನು ಸರಿಪಡಿಸಿತು. ಆದರೆ ಮಾರಾಟಗಾರರು ಕೊಟ್ಟ, ಇಡೀ ತಂತ್ರಾಂಶವನ್ನು ಕಟ್ಟಿಟ್ಟ ‘ವಾರ್’ (WAR) ಕಡತದ ಹೊಟ್ಟೆಯೊಳಗೆ ಅದೇ ಗ್ರಂಥಾಲಯದ ಇನ್ನೊಂದು ಪ್ರತಿ ಕುಳಿತಿತ್ತು. ಆ್ಯಪ್ಟ್ ಅದನ್ನು ನೋಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ಬಿಚ್ಚಿ ನೋಡಿದಾಗ ಗ್ರಂಥಾಲಯಗಳನ್ನು ಕಟ್ಟಿಟ್ಟ ಜಾರ್ ಕಡತಗಳ ಉದ್ದನೆಯ ಪಟ್ಟಿಯೇ ಇತ್ತು, ಕೆಲವಂತೂ ಒಂದೇ ಗ್ರಂಥಾಲಯದ ಎರಡೆರಡು ಆವೃತ್ತಿಗಳು. ದೂರವಾಣಿಯಲ್ಲಿ ಕೇಳಿದಾಗ ಮಾರಾಟಗಾರರು ಸಹಾಯಕ್ಕೆ ಬರಲಿಲ್ಲ, ನಿಮ್ಮ ಸರ್ವರ್ ಹೊರಜಗತ್ತಿಗೆ ತೆರೆದಿಲ್ಲವಲ್ಲ ಎಂದುಬಿಟ್ಟರು. ಡೆಬಿಯನ್ನಿನ ನೀತಿಯಂತೆ ಗ್ರಂಥಾಲಯಗಳು ಯುಎಸ್‌ಆರ್ ಶೇರ್ ಜಾವಾ ಫೋಲ್ಡರಿನಲ್ಲಿ ಒಂದೇ ಕಡೆ ಇರಬೇಕು. ಹೊರಗಿನ ಜಾವಾ ಲೋಕ ಅದಕ್ಕೆ ಕಿವಿಗೊಡುವುದಿಲ್ಲ.

ಹೀಗಾಗಿ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಎರಡು ಷರತ್ತು ಸೇರಿಸಿಸಿದ್ದೇನೆ: ಪ್ರತಿ ಬಿಡುಗಡೆಯ ಜೊತೆ ಒಳಗಿರುವ ಗ್ರಂಥಾಲಯಗಳ ಹೆಸರು ಮತ್ತು ಆವೃತ್ತಿಯ ಪಟ್ಟಿ ಕೊಡಬೇಕು, ಮತ್ತು ಜಾವಾ 21ರಲ್ಲಿ ಪರೀಕ್ಷಿಸಿಯೇ ಕೊಡಬೇಕು. ಡೆಬಿಯನ್ 13ರ ಪೂರ್ವನಿಯೋಜಿತ ಜಾವಾ ಅದೇ. ಮೊದಲನೆಯ ಪಟ್ಟಿ ಕೈಸೇರಿದೆ. ಎರಡನೆಯದಕ್ಕೆ ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಗಡುವು ಕೊಟ್ಟಿದ್ದೇನೆ.