ವಿನ್‌ಡಿಬಗ್: ಸಿಂಬಲ್ ಸಿಕ್ಕರೆ ಮಾತ್ರ ಬಾಯಿ ಬಿಡುತ್ತೆ

ತುಮಕೂರಿನ ಎಸ್.ಎಸ್. ಪುರಂನಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ಬ್ಲೂ ಸ್ಕ್ರೀನ್ ಕೇಸ್ ಬಂದರೆ ರ‍್ಯಾಮ್ ಬಿಚ್ಚಿ ರಬ್ಬರಲ್ಲಿ ಉಜ್ಜೋದು, ಆಗದಿದ್ದರೆ ಫಾರ್ಮ್ಯಾಟ್. ವರ್ಷಗಟ್ಟಲೆ ಹೀಗೇ ನಡೆಸಿದೆ. ಈಗ ಮೈಕ್ರೋಸಾಫ್ಟ್‌ನ ವಿನ್‌ಡಿಬಗ್ ಹಾಕಿಕೊಂಡಿದ್ದೇನೆ, ವಿಂಡೋಸ್ ನೀಲಿ ಪರದೆ ತೋರಿಸಿ ಯಾಕೆ ನಿಂತಿತು ಅಂತ ಹುಡುಕೋ ಸಾಫ್ಟ್‌ವೇರ್. ಫ್ರೀ.

ಹೋದ ತಿಂಗಳು ಮಂಡಿಪೇಟೆಯ ದಿನಸಿ ಯಜಮಾನರೊಬ್ಬರು ಬಂದರು. "ತೂಕ ಹಾಕ್ತಿದ್ದಂಗೇ ನೀಲಿ ಆಗುತ್ತಪ್ಪಾ" ಅಂದರು. ವಿಂಡೋಸ್ ಫೋಲ್ಡರ್‌ನಿಂದ ಮೆಮೊರಿ ಡಂಪ್ ಫೈಲ್ (ನಿಂತ ಕ್ಷಣದ ಮೆಮೊರಿಯ ನಕಲು) ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ತೆರೆದೆ. ಅನಲೈಜ್ ಕೊಟ್ಟರೆ ಬಂದ ಉತ್ತರ: "ಕರ್ನಲ್ ಸಿಂಬಲ್ಸ್ ಆರ್ ರಾಂಗ್." ಕರ್ನಲ್ ಅಂದರೆ ವಿಂಡೋಸ್‌ನ ತಿರುಳು, ಸಿಂಬಲ್ ಅಂದರೆ ಅದರೊಳಗಿನ ಫಂಕ್ಷನ್‌ಗಳ, ಅಂದರೆ ಕೋಡ್ ತುಣುಕುಗಳ, ಹೆಸರಿನ ಪಟ್ಟಿ. ಕೆಳಗೆ ಬರೀ ಹೆಕ್ಸ್ ಅಂಕಿ. ತಪ್ಪೆಲ್ಲ ವಿಂಡೋಸ್ ಕರ್ನಲ್ ಮೇಲೇ.

ತಪ್ಪು ನನ್ನದೇ. ಹಿಂದೊಮ್ಮೆ ನೆಟ್ ಉಳಿಸೋಕೆ ಅಂತ ಸಿಂಬಲ್ ಎಲ್ಲಿ ಹುಡುಕಬೇಕು ಅಂತ ಹೇಳೋ ಪಾತ್‌ನಲ್ಲಿದ್ದ ಮೈಕ್ರೋಸಾಫ್ಟ್ ಸರ್ವರ್ ವಿಳಾಸ ತೆಗೆದು, ನನ್ನ ಹಳೇ ಫೋಲ್ಡರ್ ಮಾತ್ರ ಬಿಟ್ಟಿದ್ದೆ. ಡಂಪ್‌ನಲ್ಲಿ ಫಂಕ್ಷನ್ ಹೆಸರಿರಲ್ಲ, ಅಡ್ರೆಸ್ ಇರುತ್ತೆ. ಯಾವ ಅಡ್ರೆಸ್‌ನಲ್ಲಿ ಯಾವ ಫಂಕ್ಷನ್ ಅನ್ನೋದು ಪಿಡಿಬಿ ಅನ್ನೋ ಸಿಂಬಲ್ ಫೈಲ್‌ನಲ್ಲಿರುತ್ತೆ. ಅದೂ ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ಗುರುತಿನ ನಂಬರ್ ಕೂಡ ಹೊಂದಬೇಕು. ಅಪ್‌ಡೇಟ್ ಬಂದು ಕರ್ನಲ್ ಫೈಲ್ ಬದಲಾಯ್ತು ಅಂದರೆ ಹಳೇ ಪಿಡಿಬಿ ಕೆಲಸಕ್ಕೆ ಬರಲ್ಲ.

ಡಾಟ್ ಸಿಮ್‌ಫಿಕ್ಸ್ ಅಂತ ಹೊಡೆದು ಸರ್ವರ್ ವಾಪಸ್ ಹಾಕಿದೆ. ಸಿಂಬಲ್ ತರಿಸೋಕೆ ಡಾಟ್ ರೀಲೋಡ್ ಕೊಟ್ಟು, ಮತ್ತೆ ಅನಲೈಜ್ ಮಾಡಿಸಿದೆ. ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು "ಬ್ಯುಸಿ" ಅಂತಲೇ ತೋರಿಸ್ತಿತ್ತು. ಆಮೇಲೆ ನೋಡಿ, ಅಂಕಿ ಇದ್ದ ಕಡೆಯೆಲ್ಲ ಹೆಸರು! ಮೇಲೆ ವಿಂಡೋಸನ್ನ ನಿಲ್ಲಿಸೋ ಫಂಕ್ಷನ್ ಕೆಇಬಗ್‌ಚೆಕ್‌ಎಕ್ಸ್, ನಾಲ್ಕು ಸಾಲು ಕೆಳಗೆ ಯಾವುದೋ ಸೀರಿಯಲ್ ಕೇಬಲ್ ಡ್ರೈವರ್. ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕಿದ್ದ ಅಗ್ಗದ ಯುಎಸ್‌ಬಿ ಕೇಬಲ್‌ದು. ಆ ಡ್ರೈವರ್‌ಗೆ ಮಾತ್ರ ಫಂಕ್ಷನ್ ಹೆಸರಿಲ್ಲ. ಫೈಲ್ ಹೆಸರು, ಮುಂದೆ ಪ್ಲಸ್ ಅಂತ ಒಂದು ಅಂಕಿ, ಅಷ್ಟೇ. ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ಬೇರೆ ಕಂಪನಿಗಳ ಡ್ರೈವರ್ ಸಿಂಬಲ್ ಸಾಮಾನ್ಯವಾಗಿ ಇರಲ್ಲ ಅಲ್ವಾ. ನನಗೆ ಫೈಲ್ ಹೆಸರೇ ಸಾಕಾಯ್ತು.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಯಾಕೆ ಅಂದರೆ, ಮೊದಲು ಸಿಂಬಲ್‌ಗಳನ್ನು ಪ್ಯಾಕೇಜ್ ಆಗಿ ಇಳಿಸಿ ಇಟ್ಟುಕೊಳ್ಳಬಹುದಿತ್ತು, ಅದನ್ನ ನಿಲ್ಲಿಸಿಬಿಟ್ಟರು. ನೆಟ್ ಇಲ್ಲದ ಕಡೆ ಪರದಾಟ. ಸರ್ವರ್‌ನಲ್ಲಿ ಸಿಗೋದೂ ಹೊರಗಿನವರಿಗೆ ಬಿಟ್ಟ ಪಬ್ಲಿಕ್ ಸಿಂಬಲ್ ಮಾತ್ರ, ಫಂಕ್ಷನ್ ಒಳಗಿನ ಲೋಕಲ್ ವೇರಿಯಬಲ್ ಹೆಸರು ಬರಲ್ಲ. ಡ್ರೈವರ್ ಬರೆಯೋರಿಗೆ ಅದು ಜಾಸ್ತಿ ಕಾಡಬಹುದು, ನನಗಲ್ಲ. ಹೊಸದಾಗಿ ಹಾಕಿಕೊಳ್ಳೋರು ಸುಮ್ನೆ ಪಾತ್ ಮುಟ್ಟಬೇಡಿ. ಏನೋ ಎಡವಟ್ಟಾಯ್ತು ಅನಿಸಿದರೆ ಸಿಮ್ ನಾಯ್ಸಿ ಆನ್ ಮಾಡಿ, ಎಲ್ಲೆಲ್ಲಿ ಹುಡುಕಿತು ಅಂತ ಸಾಲುಸಾಲಾಗಿ ಹೇಳುತ್ತೆ.

ಯಜಮಾನರಿಗೆ ಬೇರೆ ಕೇಬಲ್ ಹಾಕಿಕೊಟ್ಟೆ. "ಬರೀ ಕೇಬಲ್ಲಾ? ಅದಕ್ಕೆ ಇಷ್ಟೊತ್ತಾ?" ಅಂದರು.